ಸೋಮವಾರದ ಗುಳಿಗೆ

ನಮ್ಮ ಕಡೆ ಹೆಣ್ಣುಮಗಳು ಆರಾಮಾಗಿದ್ದಾಳೋ ಇಲ್ಲವೋ ಎಂಬುದನ್ನು ಮುಖ ನೋಡಿ ಹೇಳುವ ಪದ್ಧತಿಯಿಲ್ಲ. ರೊಟ್ಟಿಯ ಸಪ್ಪಳ ಕೇಳಿ ಹೇಳುತ್ತಾರೆ. ಹುಣಸಗಿಯ ನಮ್ಮ ಓಣಿಯಲ್ಲಿ ಮುಂಜಾನೆ ಆರಕ್ಕೆಲ್ಲ ಪಟಪಟನೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಯಾವ ಮನೆಯಲ್ಲಿ ಹೊಸ ಸೊಸೆ ಕಲಿಯುತ್ತಿದ್ದಾಳೆ, ಯಾವ ಮನೆಯಲ್ಲಿ ರಾತ್ರಿ ಜಗಳವಾಗಿದೆ ಎಂಬುದೆಲ್ಲ ಗೋಡೆಯಾಚೆಗೆ ತಿಳಿಯುತ್ತದೆ. 2006ರ ಕೊನೆಗೆ ನಮ್ಮ ಮನೆಯ ಸಪ್ಪಳ ನಿಂತಿತು. ಮೂರನೆಯ ದಿನ ಆಚೆಮನೆಯಾಕೆ ಇಣುಕಿ ನೋಡಿ, "ಅಕ್ಕಾರ, ನೀವು ಊರಿಗೆ ಹೋಗೀರಿ ಅಂದ್ಕೊಂಡಿದ್ದೆ, ಮನ್ಯಾಗೇ ಇದ್ದೀರಲ್ರಿ!" ಎಂದು ಬೆರಗಾದಳು.

ಆ ವರ್ಷ ಕೈಕಾಲು ನೋವೆಂದರೆ ಯಾರಿಗೂ ಸುದ್ದಿಯಲ್ಲ. ನಮ್ಮ ಭಾಗಕ್ಕೆಲ್ಲ ಚಿಕೂನ್‌ಗುನ್ಯಾ ಬಂದು, ಗಟ್ಟಿಮುಟ್ಟಾದ ಗಂಡಸರು ಕೂಡ ಗೋಡೆ ಹಿಡಿದು ನಡೆಯುತ್ತಿದ್ದರು. ಹೆಸರನ್ನು 'ಚಿಕನ್‌ಗುನ್ಯಾ' ಎಂದು ಕೇಳಿಸಿಕೊಂಡು ಕೋಳಿ ತಿನ್ನುವುದನ್ನು ಬಿಟ್ಟವರೂ ಇದ್ದರು. ಪಾಪ, ತಪ್ಪು ಸೊಳ್ಳೆಯದು, ಶಿಕ್ಷೆ ಕೋಳಿಯ ಅಂಗಡಿಯವನಿಗೆ. ಜ್ವರ ಬಂದವರ ನೋವು ತಿಂಗಳು, ಮೂರು ತಿಂಗಳು, ಹೆಚ್ಚೆಂದರೆ ವರ್ಷಕ್ಕೆ ಇಳಿಯಿತು. ನನ್ನದು ಏರಿತು. ಎರಡೂ ಕೈಗಳ ಬೆರಳಿನ ಬುಡ, ಎರಡೂ ಮಣಿಕಟ್ಟು, ಎರಡೂ ಪಾದ. ಹಂಚಿಕೊಟ್ಟ ಹಾಗೆ ಎಡಕ್ಕಷ್ಟು ಬಲಕ್ಕಷ್ಟು. ಬೆಳಿಗ್ಗೆ ಎದ್ದರೆ ಕೈ ಮುಷ್ಟಿಯಾಗದು, ಮುಷ್ಟಿಯಾದರೆ ಬಿಚ್ಚದು. ಜಡೆ ಹಾಕಿಕೊಳ್ಳಲು ಹತ್ತು ಗಂಟೆಯಾಗಬೇಕು. ಕುಕ್ಕರಿನ ಮುಚ್ಚಳ ತೆಗೆಯಲು ಶಾಲೆಗೆ ಹೋಗುವ ಮಗನನ್ನು ಕೂಗಬೇಕು.

ಇದಕ್ಕೆ ಊರಿನಲ್ಲಿ ಕಾರಣಗಳಿಗೆ ಬರವಿರಲಿಲ್ಲ. ಬದನೆಕಾಯಿ ವಾಯು ಎಂದರು, ತಣ್ಣೀರು ಎಂದರು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳದ ಎರೆಹೊಲಗಳೆಲ್ಲ ಗದ್ದೆಯಾದವಲ್ಲ, ಆ ಕೆಸರಿನಲ್ಲಿ ನಿಂತು ನಾಟಿ ಹಚ್ಚುವ ಹೆಂಗಸರಿಗೆ ಬರುವ ಬ್ಯಾನಿ ಇದು ಎಂದರು. ನಾನು ಗದ್ದೆಗೆ ಇಳಿದವಳೇ ಅಲ್ಲ. ಕೆಲವರು ಕೊಳವೆಬಾವಿಯ ನೀರನ್ನು ಬೈದರು. ಅದರಲ್ಲಿ ತಥ್ಯವಿಲ್ಲದಿಲ್ಲ, ಫ್ಲೋರೈಡ್ ಹೆಚ್ಚಿದ ನೀರು ಕುಡಿದರೂ ಕೀಲು ಬಿಗಿಯುತ್ತವೆ. ಆದರೆ ಅದು ಬೇರೆ ರೋಗ. ಮುಪ್ಪಿಗೆ ಮಂಡಿ ಸವೆಯುವುದೂ ಬೇರೆ. ನಮ್ಮ ಮಾತಿನಲ್ಲಿ ಇವೆಲ್ಲಕ್ಕೂ ಒಂದೇ ಹೆಸರು 'ಕೀಲುಬ್ಯಾನಿ' ಆಗಿರುವುದೇ ಅರ್ಧ ತೊಂದರೆ. ಹೆಸರು ಒಂದೇ ಆದಾಗ ಒಬ್ಬರ ಔಷಧವನ್ನು ಇನ್ನೊಬ್ಬರು ಕೇಳಿ ಪಡೆಯುತ್ತಾರೆ.

ಸುರಪುರ, ಶಹಾಪುರ, ಯಾದಗಿರಿ ದಾಟಿ ಹೈದರಾಬಾದಿಗೆ ರಾತ್ರಿ ಬಸ್ಸಿನಲ್ಲಿ ಹೋದದ್ದು 2008ರಲ್ಲಿ. ಅಲ್ಲಿನ ವೈದ್ಯರು ಎಕ್ಸ್‌ರೇ ನೋಡುವ ಮೊದಲು ನನ್ನ ಅಂಗೈಯನ್ನು ಬೆರಳಬುಡದ ಸಾಲಿನಲ್ಲಿ ಎರಡೂ ಕಡೆಯಿಂದ ಮೆಲ್ಲಗೆ ಒತ್ತಿದರು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ಮುಂಜಾನೆ ಬಿಗಿತ ಎಷ್ಟು ಹೊತ್ತು?" ಎಂದು ಕೇಳಿದರು. ಹತ್ತು ನಿಮಿಷ ಎಂದಿದ್ದರೆ ಸವಕಳಿ ಎನ್ನುತ್ತಿದ್ದರೇನೋ. ನಾನು ಮೂರು ತಾಸು ಎಂದೆ. ಬೆರಳ ತುದಿಯ ಗಿಣ್ಣುಗಳಲ್ಲಿ ನೋವಿಲ್ಲದ್ದನ್ನು ಬೇರೆಯಾಗಿ ಬರೆದುಕೊಂಡರು. ರಕ್ತದಲ್ಲಿ ಆರ್.ಎ. ಫ್ಯಾಕ್ಟರ್, ಆ್ಯಂಟಿ ಸಿ.ಸಿ.ಪಿ., ಇ.ಎಸ್.ಆರ್. ಎಲ್ಲ ನೋಡಿ ಹೆಸರು ಹೇಳಿದರು: ರುಮಟಾಯ್ಡ್ ಆರ್ಥ್ರೈಟಿಸ್. ಕನ್ನಡದಲ್ಲಿ ಸಂಧಿವಾತ ಎನ್ನುತ್ತೇವೆ, ಆದರೆ ವಾತಕ್ಕೂ ಇದಕ್ಕೂ ಸಂಬಂಧವಿಲ್ಲ. ನೂರು ಜನರಲ್ಲಿ ಒಬ್ಬರಿಗೆ, ಅಥವಾ ಅದಕ್ಕೂ ಕಡಿಮೆ ಜನಕ್ಕೆ, ಬರುವ ಈ ರೋಗ ಗಂಡಸರಿಗಿಂತ ಹೆಂಗಸರನ್ನು ಎರಡು ಮೂರು ಪಟ್ಟು ಹೆಚ್ಚು ಹಿಡಿಯುತ್ತದೆ. ಇಂಥ ಹಂಚಿಕೆಯಲ್ಲಿ ಮಾತ್ರ ದೇವರು ನಮಗೆ ಕಡಿಮೆ ಮಾಡಿದ್ದಿಲ್ಲ.

ಆಗುವುದೇನೆಂದರೆ, ಮೈಯ ಕಾವಲಿಗೆಂದು ಇರುವ ಪಡೆ ಮನೆಯವರನ್ನೇ ಕಳ್ಳರೆಂದು ಬಗೆದು ಬಡಿಯತೊಡಗುತ್ತದೆ. ಕೀಲಿನ ಒಳಗೆ ಕುಪ್ಪಸದ ಅಸ್ತರಿನಂಥ ತೆಳು ಪದರವೊಂದಿದೆ. ಎಣ್ಣೆಯಂಥ ದ್ರವ ಒಸರಿ ಕೀಲು ನುಣ್ಣಗೆ ಆಡುವಂತೆ ಮಾಡುವುದು ಅದರ ಕೆಲಸ. ಕಾವಲು ಪಡೆ ನುಗ್ಗಿದಾಗ ಈ ಅಸ್ತರು ಹುದುಗು ಬಂದ ಹಿಟ್ಟಿನಂತೆ ಉಬ್ಬಿ, ಪಕ್ಕದ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತದೆ. ಒಮ್ಮೆ ಕೊರೆದದ್ದು ಮತ್ತೆ ತುಂಬುವುದಿಲ್ಲ. ಮೊದಲ ಒಂದೆರಡು ವರ್ಷಗಳಲ್ಲೇ ಹಾನಿ ಶುರುವಾಗುವುದರಿಂದ ವೈದ್ಯರು ಅವಸರ ಮಾಡುತ್ತಾರೆ; ನಾವು ಅಮಾವಾಸ್ಯೆ ಕಳೆಯಲಿ, ಮದುವೆ ಮುಗಿಯಲಿ ಎನ್ನುತ್ತೇವೆ.

ಇಲ್ಲಿ ನಮ್ಮೂರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹುಣಸಗಿ ಬೈಚಬಾಳ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ತಿರುಗಿ ಹಳೆ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿದೆ, ಹತ್ತು ಲಕ್ಷ ವರ್ಷಕ್ಕೂ ಹಿಂದಿನದಂತೆ. ಆ ಕಲ್ಲುಗಳಲ್ಲೊಂದನ್ನು ಯಾರೋ ನನ್ನ ಕೈಗಿಟ್ಟಿದ್ದರು. ಅಂಗೈಯ ಕುಳಿಗೆ ಸರಿಯಾಗಿ ಕೂತುಬಿಡುವ ಹಾಗಿದೆ ಅದು. ನನ್ನ ಬೆರಳು ಮಾತ್ರ ಅದರ ಸುತ್ತ ಮಡಚಲಿಲ್ಲ. ಕಲ್ಲು ಹಿಡಿದವರ ಕೈ ಎಷ್ಟು ಮೆತ್ತಗೆ ಬಾಗುತ್ತಿತ್ತೋ ಎಂದು ಅಂದು ಹೊಟ್ಟೆಕಿಚ್ಚು ಪಟ್ಟೆ.

ಔಷಧದ ಮಾತಿಗೆ ಬರೋಣ. ಕಾಲುವೆ ಒಡೆದು ಹೊಲಕ್ಕೆ ನೀರು ನುಗ್ಗಿದಾಗ ಬುಟ್ಟಿಯಲ್ಲಿ ನೀರು ತೋಡಿ ಹಾಕುವುದು ಒಂದು ಕೆಲಸ. ತೂಬು ಇಳಿಸುವುದು ಇನ್ನೊಂದು. ನೋವಿನ ಗುಳಿಗೆಗಳು, ಅಂದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವು, ನೀರು ತೋಡುವ ಬುಟ್ಟಿಗಳು. ನೋವು ಬಾವು ತರುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಮೈಯಲ್ಲಿ ತಯಾರಾಗುವುದನ್ನು ತಡೆಯುತ್ತವೆ. ಆಸ್ಪಿರಿನ್ ಕೆಲಸ ಮಾಡುವುದು ಹೀಗೆ ಎಂದು 1971ರಲ್ಲಿ ತೋರಿಸಿದ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ಆದರೆ ಅದೇ ಪ್ರೊಸ್ಟಗ್ಲಾಂಡಿನ್ ಹೊಟ್ಟೆಯ ಒಳಪದರವನ್ನು ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯಲು ನೆರವಾಗುತ್ತದೆ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿ ಸೋಲುತ್ತದೆ; ಒಳಗೆ ಕೊರೆಯುವುದು ಮಾತ್ರ ನಿಲ್ಲುವುದಿಲ್ಲ. ನೋವು ಕಡಿಮೆಯಾಯಿತೆಂದು ರೋಗ ಕಡಿಮೆಯಾಯಿತೆಂದು ತಿಳಿಯುವುದು ಇದರ ದೊಡ್ಡ ಮೋಸ.

ಇನ್ನೊಂದು ಸ್ಟೀರಾಯ್ಡ್. ಅಮೆರಿಕೆಯ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ಎಂಬ ವೈದ್ಯ 1929ರಲ್ಲಿ ಒಂದು ವಿಚಿತ್ರ ಗಮನಿಸಿದ: ಕಾಮಾಲೆ ಬಂದ ಸಂಧಿವಾತದ ರೋಗಿಯ ಕೀಲುನೋವು ಇದ್ದಕ್ಕಿದ್ದಂತೆ ಇಳಿದಿತ್ತು. ಮುಂದೆ ಬಸುರಿಯರಲ್ಲೂ ಅದೇ ಕಂಡ. ಹಾಗಾದರೆ ಮೈಯೊಳಗೇ ಏನೋ ಔಷಧವಿದೆ ಎಂದು ಹುಡುಕಹೊರಟ. 1948ರ ಸೆಪ್ಟೆಂಬರಿನಲ್ಲಿ, ಹಾಸಿಗೆ ಹಿಡಿದಿದ್ದ 29 ವಯಸ್ಸಿನ ಹೆಣ್ಣುಮಗಳಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು, ವಾರ ಕಳೆಯುವಷ್ಟರಲ್ಲಿ ಪೇಟೆಗೆ ಹೋಗಿ ಸಾಮಾನು ಕೊಂಡಳು. (ಹೆಣ್ಣಿನ ಆರೋಗ್ಯಕ್ಕೆ ಇದಕ್ಕಿಂತ ಪುರಾವೆ ಬೇಕೆ?) 1950ರಲ್ಲಿ ನೊಬೆಲ್ಲೂ ಬಂತು. ಆಮೇಲೆ ಬಣ್ಣ ಬಯಲಾಯಿತು: ಮುಖ ಊದುವುದು, ಸಕ್ಕರೆ ಏರುವುದು, ಎಲುಬು ಟೊಳ್ಳಾಗುವುದು, ಕಣ್ಣಿಗೆ ಪೊರೆ.

ನಮ್ಮ ಓಣಿಯ ಹಿರಿಯಾಕೆಯೊಬ್ಬರು ಎಲ್ಲಿಂದಲೋ ಕೀಲುಬ್ಯಾನಿಯ ಪುಡಿ ತರಿಸುತ್ತಿದ್ದರು. ಪೊಟ್ಟಣದ ಮೇಲೆ ಹೆಸರಿಲ್ಲ, ಊರಿಲ್ಲ. ಎರಡು ದಿನಕ್ಕೆ ಓಡಾಡುವಂತಾದರು, ಆರು ತಿಂಗಳಿಗೆ ಮುಖ ದುಂಡಗಾಯಿತು. "ಯವ್ವಾ, ಮೈ ಹಿಡದೀರಿ, ಚಲೋ ಆಗೀರಿ" ಎಂದು ನಾವೆಲ್ಲ ಹೇಳುವವರೇ. ಬಚ್ಚಲಲ್ಲಿ ಜಾರದೆಯೇ, ಬರೀ ಬಾಗಿ ಕೊಡ ಎತ್ತಿದ್ದಕ್ಕೆ ಬೆನ್ನೆಲುಬು ಮುರಿದ ಮೇಲೆ, ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕೆಂದು ವೈದ್ಯರು ಹೇಳಿದರು. ಅದನ್ನು ಒಮ್ಮೆಲೇ ಬಿಡಲೂ ಬಾರದು. ಹೊರಗಿನಿಂದ ಬಂದಷ್ಟು ದಿನ ಮೈಯ ಸ್ವಂತ ಗ್ರಂಥಿ ನಿದ್ದೆಹೋಗಿರುತ್ತದೆ, ಮೆಲ್ಲಗೆ ಎಬ್ಬಿಸಬೇಕು. ಸ್ಟೀರಾಯ್ಡ್ ವಿಷವೆಂದು ನಾನು ಹೇಳುತ್ತಿಲ್ಲ. ನನಗೂ ಮೊದಲ ತಿಂಗಳುಗಳಲ್ಲಿ ಸಣ್ಣ ಪ್ರಮಾಣದಲ್ಲಿ ಕೊಟ್ಟರು, ನಿಜವಾದ ಔಷಧ ಕೆಲಸಕ್ಕೆ ಬರುವವರೆಗೆ ಆಸರೆಯೆಂದು. ಆಸರೆಯನ್ನೇ ಮನೆಯೆಂದುಕೊಂಡರೆ ಕಷ್ಟ.

ತೂಬು ಇಳಿಸುವ ಔಷಧಗಳ ಚರಿತ್ರೆ ಇನ್ನೂ ತಮಾಷೆಯದು. 1920ರ ದಶಕದ ಕೊನೆಗೆ ಫ್ರಾನ್ಸಿನ ಫೊರೆಸ್ಟಿಯೆ ಎಂಬಾತ ಈ ರೋಗ ಕ್ಷಯದಂಥದ್ದೆಂದು ಬಗೆದು ಬಂಗಾರದ ಇಂಜೆಕ್ಷನ್ ಕೊಟ್ಟ. ಊಹೆ ತಪ್ಪು, ಗುಣ ಮಾತ್ರ ಕೆಲವರಿಗೆ ನಿಜ. ದಶಕಗಳ ಕಾಲ ಬಂಗಾರವೇ ಮದ್ದಾಗಿತ್ತು. ಈಗ ಅದು ಹೆಚ್ಚುಕಡಿಮೆ ಮೂಲೆ ಸೇರಿದೆ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್, ಆ ದೇಶದಲ್ಲಿ ಸರಕಾರಿ ವಿಶ್ವವಿದ್ಯಾಲಯದ ಪ್ರೊಫೆಸರ್ ಹುದ್ದೆಗೇರಿದ ಮೊದಲ ಹೆಣ್ಣುಮಗಳು, ರೋಗಾಣುವೇ ಕಾರಣವಿರಬೇಕೆಂದು ಸಲ್ಫಾ ಔಷಧಕ್ಕೆ ಆಸ್ಪಿರಿನ್ ಕುಲದ ವಸ್ತುವನ್ನು ಬೆಸೆಸಿದರು. ಊಹೆ ಮತ್ತೆ ತಪ್ಪು. ಸಲ್ಫಾಸಲಜಿನ್ ಇಂದಿಗೂ ಬಳಕೆಯಲ್ಲಿದೆ. ಮೂತ್ರ ಕಿತ್ತಳೆ ಬಣ್ಣವಾದರೆ ಹೆದರಬೇಡಿರೆಂದು ಮೊದಲೇ ಹೇಳಿರುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಲೇರಿಯಾ ಔಷಧದ ಮನೆತನದ್ದು. ಪೆಟ್ಟು ಮೆತ್ತಗೆ, ಆದರೆ ವರ್ಷಗಳ ಮೇಲೆ ಕಣ್ಣಿನ ಹಿಂಪರದೆಯ ತಪಾಸಣೆ ತಪ್ಪಿಸಬಾರದು.

ಈ ಕೊನೆಯ ಗುಳಿಗೆ 2020ರಲ್ಲಿ ನಮಗೆ ಪಾಠ ಕಲಿಸಿತು. ಕೊರೋನಾಕ್ಕೆ ಇದೇ ಮದ್ದೆಂದು ಗುಲ್ಲೆದ್ದು, ಮಾರ್ಚ್ 25ರಂದು ಸರಕಾರ ಅದರ ರಫ್ತನ್ನೇ ತಡೆಯಿತು. ಹತ್ತು ವರ್ಷದಿಂದ ತೆಗೆದುಕೊಳ್ಳುತ್ತಿದ್ದ ಅಂಗಡಿಯಲ್ಲಿ "ಸ್ಟಾಕ್ ಇಲ್ರಿ ಮೇಡಂ" ಎಂದರು. ಲಾಕ್‌ಡೌನಿನಲ್ಲಿ ಲಿಂಗಸುಗೂರಿನ ಕಡೆಯಿಂದ ಹಾಲಿನ ಗಾಡಿಯವನು ಎರಡು ಪಟ್ಟಿ ತಂದುಕೊಟ್ಟ. ಕೊರೋನಾಕ್ಕೆ ಅದು ಉಪಯೋಗವಿಲ್ಲವೆಂದು ಆಮೇಲೆ ಪರೀಕ್ಷೆಗಳಲ್ಲಿ ಗೊತ್ತಾಯಿತು.

ಇವೆಲ್ಲದರ ಹಿರಿಯಣ್ಣ ಮೆಥೋಟ್ರೆಕ್ಸೇಟ್. ಇದರ ಕತೆಯಲ್ಲಿ ಮುಂಬಯಿಯ ಗಿರಣಿಯ ಹೆಂಗಸರಿದ್ದಾರೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದು, ಬಸುರಿ ಕಾರ್ಮಿಕರಿಗೆ ಬರುತ್ತಿದ್ದ ರಕ್ತಹೀನತೆಯನ್ನು ಅಭ್ಯಾಸ ಮಾಡಿದಳು. ಯೀಸ್ಟಿನ ಸಾರ ತಿನ್ನಿಸಿದರೆ ಅವರು ಚೇತರಿಸಿಕೊಳ್ಳುತ್ತಿದ್ದರು. ಆ ಸಾರದಲ್ಲಿದ್ದದ್ದು ನಮ್ಮ ಪಾಲಕಿನಲ್ಲೂ ಇರುವ ಫೋಲಿಕ್ ಆಮ್ಲ. 1940ರ ದಶಕದಲ್ಲಿ ಅದನ್ನು ಅಮೆರಿಕೆಯ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನಮ್ಮ ಕ್ಯಾಂಪುಗಳಲ್ಲಿ ಭತ್ತ ಬೆಳೆಯುವ ಹಲವರ ಮೂಲ ಗೋದಾವರಿ ಸೀಮೆಯವರು. ಫೋಲಿಕ್ ಆಮ್ಲದಂತೆ ವೇಷ ಹಾಕಿ ಅದರ ಕೆಲಸ ಕೆಡಿಸುವ ಔಷಧಗಳನ್ನೂ ಅದೇ ತಂಡ ಮಾಡಿತು. ಅವು ಮೊದಲು ಮಕ್ಕಳ ರಕ್ತದ ಕ್ಯಾನ್ಸರಿಗೆ ಬಂದವು. ಸಂಧಿವಾತಕ್ಕೆ ಅಂಥದೊಂದನ್ನು ಕೊಟ್ಟ ವರದಿ 1951ರಲ್ಲೇ ಬಂದರೂ, ಕಾರ್ಟಿಸೋನಿನ ಝಗಮಗದಲ್ಲಿ ಯಾರೂ ಅತ್ತ ನೋಡಲಿಲ್ಲ. ಅಮೆರಿಕೆಯಲ್ಲಿ ಈ ರೋಗಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ.

"ಕ್ಯಾನ್ಸರ್ ಗುಳಿಗಿ ಕೊಟ್ಟಾರ" ಎಂದು ಹೆದರಿ ಚೀಟಿ ಹರಿದವರನ್ನು ಕಂಡಿದ್ದೇನೆ. ಕ್ಯಾನ್ಸರಿಗೆ ಕೊಡುವ ಪ್ರಮಾಣ ಬೇರೆ; ನಮಗೆ ವಾರಕ್ಕೆ ಏಳೂವರೆಯಿಂದ 25 ಮಿಲಿಗ್ರಾಂ ಒಳಗೆ. ಇಷ್ಟು ಸಣ್ಣ ಪ್ರಮಾಣದಲ್ಲಿ ಅದು ಕೋಶಗಳನ್ನು ಕೊಲ್ಲುವುದಕ್ಕಿಂತ, ಅಡಿನೋಸಿನ್ ಎಂಬ ಶಾಂತಿದೂತನನ್ನು ಹೆಚ್ಚಿಸಿ ಕಾವಲು ಪಡೆಯನ್ನು ಸುಮ್ಮನಿರಿಸುತ್ತದೆ ಎನ್ನುತ್ತಾರೆ. ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಹಬ್ಬಕ್ಕೆ ಬೇಕೆಂದರೆ ಬರುವ ಗುಣವಲ್ಲ.

ಎಲ್ಲಕ್ಕಿಂತ ಮುಖ್ಯ, ಇದು ದಿನದ ಗುಳಿಗೆಯಲ್ಲ, ವಾರದ ಗುಳಿಗೆ. ನಾನು ಸೋಮವಾರ ಹಿಡಿದಿದ್ದೇನೆ. ಕೆಲವರು ಶನಿವಾರ ಒಪ್ಪತ್ತು ಮಾಡುತ್ತಾರೆ, ಕೆಲವರು ಗುರುವಾರ. ನನ್ನದು ಮೆಥೋಟ್ರೆಕ್ಸೇಟ್ ಸೋಮವಾರ. ಗುರುವಾರ ಫೋಲಿಕ್ ಆಮ್ಲ, ಸೋಮವಾರ ಕಿತ್ತುಕೊಂಡದ್ದನ್ನು ಅಷ್ಟಿಷ್ಟು ಮರಳಿ ಕೊಡಲು. ಬಂಧುಗಳಲ್ಲೊಬ್ಬರಿಗೆ ಒಂದು ಅಂಗಡಿಯ ಹುಡುಗ ಪೊಟ್ಟಣದ ಮೇಲೆ 'ದಿನಾ ರಾತ್ರಿ ಒಂದು' ಎಂದು ಬರೆದುಕೊಟ್ಟ. ಒಂಬತ್ತನೆಯ ದಿನ ಬಾಯಿತುಂಬ ಹುಣ್ಣು, ನೀರೂ ಇಳಿಯದು, ರಕ್ತದ ಬಿಳಿಕಣ ನೆಲ ಕಂಡಿತ್ತು. ಆಸ್ಪತ್ರೆಯಲ್ಲಿ ಅದಕ್ಕೆ ಪ್ರತಿಮದ್ದು ಕೊಟ್ಟು ಉಳಿಸಿದರು. ಅಂದಿನಿಂದ ನಮ್ಮ ಬಳಗದಲ್ಲಿ ಯಾರಿಗೆ ಈ ಗುಳಿಗೆ ಬರೆದರೂ, ಗೋಡೆಯ ಕ್ಯಾಲೆಂಡರಿನಲ್ಲಿ ವಾರಕ್ಕೊಂದು ಕೆಂಪು ಬೊಟ್ಟು ಇಟ್ಟುಕೊಡುವ ಕೆಲಸ ನನ್ನದು. ಮೂರು ತಿಂಗಳಿಗೊಮ್ಮೆ ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ; ಮೊದಮೊದಲು ಇನ್ನೂ ಬೇಗ. ಖರ್ಚು ಹೆಚ್ಚೇನಿಲ್ಲ. ಒಂದು ರೇಷ್ಮೆ ಸೀರೆಗೆ ಫಾಲ್ ಹಚ್ಚಿ ಕುಚ್ಚು ಕಟ್ಟಿಸುವ ದುಡ್ಡಿನೊಳಗೆ ತಿಂಗಳ ಗುಳಿಗೆ ಮುಗಿಯುತ್ತದೆ.

ಇದಕ್ಕೂ ಬಗ್ಗದವರಿಗೆ ಇಂಜೆಕ್ಷನ್ನುಗಳಿವೆ. ಕಾವಲು ಪಡೆಗೆ 'ಬನ್ನಿ, ಬಡಿಯಿರಿ' ಎಂದು ಡಂಗುರ ಸಾರುವ ಟಿ.ಎನ್.ಎಫ್. ಎಂಬ ವಸ್ತುವನ್ನು ಹಿಡಿದು ಕಟ್ಟಿಹಾಕಿದರೆ ರೋಗ ತಣ್ಣಗಾಗುತ್ತದೆಂದು 1992ರಲ್ಲಿ ಲಂಡನ್ನಿನಲ್ಲಿ ರೋಗಿಗಳ ಮೇಲೆ ನೋಡಿದವರು ಮಾರ್ಕ್ ಫೆಲ್ಡ್‌ಮನ್ ಮತ್ತು ನಮ್ಮ ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ. ಆ ಜಾತಿಯ ಔಷಧಗಳು 1998ರಿಂದೀಚೆ ಬಂದಿವೆ, ನಮ್ಮ ದೇಶದಲ್ಲೂ ತಯಾರಾಗುತ್ತಿವೆ. ಆದರೆ ಮೈಯಲ್ಲಿ ಮಲಗಿರುವ ಕ್ಷಯವನ್ನು ಕಾಯುತ್ತಿರುವುದೂ ಅದೇ ಡಂಗುರದವನು. ಅವನ ಬಾಯಿ ಕಟ್ಟಿದರೆ ಕ್ಷಯ ಎದ್ದೀತು. ಹಾಗಾಗಿ ಮೊದಲು ಕ್ಷಯದ ಪರೀಕ್ಷೆ. ಕೋಶದೊಳಗೇ ಸಂದೇಶ ತಡೆಯುವ ಟೋಫಾಸಿಟಿನಿಬ್ ಎಂಬ ಗುಳಿಗೆಯೂ 2012ರಿಂದ ಇದೆ. ಸರ್ಪಸುತ್ತು, ರಕ್ತ ಹೆಪ್ಪುಗಟ್ಟುವ ಭಯ ಅದರ ಜೊತೆಗಿದೆ. ನನಗೆ ಇವು ಬೇಕಾಗಲಿಲ್ಲ. ನನ್ನ ಎಡಗೈಯ ಕಿರುಬೆರಳು ಸೊಟ್ಟಗಾದದ್ದು ಆಗಿಯೇ ಹೋಯಿತು, ಉಳಿದ ಒಂಬತ್ತು ಉಳಿದವು.

ಇಷ್ಟೆಲ್ಲ ಬರೆಯಲು ಕಾರಣ ನನ್ನ ತಂಗಿಯ ಮಗಳು. 26 ವಯಸ್ಸು, ಮದುವೆಯಾಗಿ ಮೂರು ವರ್ಷ, ಅವಳಿಗೂ ಇದೇ ರೋಗ. ಈ ರೋಗ ತಾಯಿಯಿಂದ ಮಗಳಿಗೆ ಬಳೆಯಂತೆ ಬರುವುದಿಲ್ಲ. ಮನೆತನದಲ್ಲಿದ್ದರೆ ಸಂಭವ ತುಸು ಹೆಚ್ಚು, ಅಷ್ಟೇ. ಔಷಧ ಬರೆಯುವ ಮೊದಲೇ ವೈದ್ಯೆ ಗಂಡಹೆಂಡಿರಿಬ್ಬರನ್ನೂ ಕೂರಿಸಿ, "ಮಕ್ಕಳ ವಿಚಾರ ಏನು?" ಎಂದು ಕೇಳಿದರಂತೆ. ಅಳಿಯ ಗೋಡೆ ನೋಡಿದ. ಮೆಥೋಟ್ರೆಕ್ಸೇಟ್ ನಡೆದಿರುವಾಗ ಬಸುರಾದರೆ ಗರ್ಭ ಬಿದ್ದೀತು, ಇಲ್ಲವೇ ಕೂಸಿಗೆ ಅಂಗದೋಷ ಬಂದೀತು. ಕೂಸಿನ ಮೈ ಕಟ್ಟಲು ಬೇಕಾದ ಫೋಲಿಕ್ ಆಮ್ಲಕ್ಕೇ ಅದು ಅಡ್ಡ ನಿಲ್ಲುತ್ತದೆ. ಲೆಫ್ಲುನೊಮೈಡ್ ಎಂಬ ಇನ್ನೊಂದು ಗುಳಿಗೆಯೂ ಹಾಗೆಯೇ, ಅದು ಮೈಯಲ್ಲಿ ಬಹಳ ಕಾಲ ಉಳಿಯುತ್ತದೆ. ಎರಡು ವರ್ಷ ಗರ್ಭನಿರೋಧಕದೊಂದಿಗೆ ಔಷಧ ನಡೆಯಿತು. ಕೈ ಚೆನ್ನಾದವು. ಆದರೆ ಊರಿನಲ್ಲಿ ಎರಡು ವರ್ಷವೆಂದರೆ ಎಷ್ಟು ಮಾತು! ಗುಳಿಗೆಯಿಂದಲೇ ಮಕ್ಕಳಾಗಿಲ್ಲವೆಂದು ಒಬ್ಬರು, ರೋಗ ಮುಚ್ಚಿಟ್ಟು ಮದುವೆ ಮಾಡಿದರೆಂದು ಇನ್ನೊಬ್ಬರು. ಮದುವೆಯಲ್ಲಿ ಅವಳಿಗೆ ರೋಗವೇ ಇರಲಿಲ್ಲ. ಒಂದು ರಾತ್ರಿ ಅವಳ ಅತ್ತೆ ಗುಳಿಗೆಯ ಡಬ್ಬಿಯನ್ನೇ ಕಿಟಕಿಯಾಚೆ ಒಗೆದರು.

ನಾನು ಹೋದೆ. ಬೀಗಿತ್ತಿಯ ಮುಂದೆ ನನ್ನ ಸೊಟ್ಟ ಬೆರಳು ಚಾಚಿ, "ಔಷಧಕ್ಕಿಂತ ಮೊದಲಿಂದು ಇದು, ನೋಡ್ರಿ. ಉಳದವು ಔಷಧ ತಗೊಂಡ ಮ್ಯಾಲಿನವು" ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರ ಮಕ್ಳು ಯಾವಾಗ್ರಿ?" ಎಂದರು. ನ್ಯಾಯವಾದ ಪ್ರಶ್ನೆ. ವೈದ್ಯೆಯ ಹತ್ತಿರ ಅವರನ್ನೇ ಕರೆದುಕೊಂಡು ಹೋದೆವು. ರೋಗ ತಣ್ಣಗಿದೆ, ಈಗ ಮೆಥೋಟ್ರೆಕ್ಸೇಟ್ ಬಿಟ್ಟು ಮೂರು ತಿಂಗಳು ಕಾಯಿರಿ. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಬಸಿರಿನಲ್ಲೂ ನಡೆಯುತ್ತವೆ, ಅವು ಇರಲಿ. ಫೋಲಿಕ್ ಆಮ್ಲ ತಪ್ಪಿಸಬೇಡಿ ಎಂದರು. ಹೆಂಚ್ ಕಂಡಂತೆ ಬಸಿರಿನಲ್ಲಿ ಅನೇಕರಿಗೆ ನೋವು ತಾನಾಗಿ ಇಳಿಯುತ್ತದೆ, ಹೆರಿಗೆಯ ನಂತರದ ತಿಂಗಳುಗಳಲ್ಲಿ ಮರಳಿ ಕೆರಳುವುದು ಹೆಚ್ಚು. "ಬಾಣಂತಿಗೆ ಕೂಸು ಎತ್ತಿಕೊಡಲು ಮನೆಯಲ್ಲಿ ಯಾರಿದ್ದೀರಿ?" ಎಂದು ಕೇಳಿದಾಗ ಬೀಗಿತ್ತಿ, "ನಾ ಇದ್ದೀನಲ್ರಿ" ಎಂದರು, ಸ್ವಲ್ಪ ಸಿಟ್ಟಿನಿಂದಲೇ.

ಈಗ ಕಾಯುವ ಕಾಲ. ಐದನೆಯ ವಾರದ ಹೊತ್ತಿಗೆ ಬಲ ಮಣಿಕಟ್ಟು ಸ್ವಲ್ಪ ಊದಿತು. ವೈದ್ಯೆ ಕೆಲವು ದಿನ ಸಣ್ಣ ಪ್ರಮಾಣದ ಸ್ಟೀರಾಯ್ಡ್ ಬರೆದರು, ಇಳಿಯಿತು. ಹಿಟ್ಟು ನಾದುವುದು ಅತ್ತೆಯ ಪಾಲು, ಪಲ್ಯ ಸೊಸೆಯ ಪಾಲು. ನಿನ್ನೆ ಸೋಮವಾರ ರಾತ್ರಿ ಫೋನ್ ಮಾಡಿದೆ. ಎತ್ತಿದವರು ಬೀಗಿತ್ತಿ. ಅವಳು ಹೆಂಗಿದ್ದಾಳೆಂದು ನಾನು ಕೇಳುವ ಮೊದಲೇ, "ಇವತ್ತಿಗೆ ಒಂಬತ್ತು ಬೊಟ್ಟು ಆದವ್ರಿ, ಇನ್ನ ಮೂರು ಉಳದಾವ" ಎಂದರು.